ಸ್ಮಾರ್ಟ್ ಮೀಟರ್ ತಿರುಚುವಿಕೆ: ಉಳಿತಾಯವೆಷ್ಟು, ಹೊಣೆಯೆಷ್ಟು?

ವಿದ್ಯುತ್ ಮೀಟರನ್ನು ತಿರುಚಿ ಬಿಲ್ಲಿನ ಮೊತ್ತವನ್ನು ಇಳಿಸಿಕೊಳ್ಳುವ ಕೃತ್ಯ ಹೊಸದಲ್ಲ. ಚಕ್ರ ತಿರುಗುವ ಹಳೆಯ ಮೀಟರುಗಳ ಕಾಲದಿಂದಲೂ ಅದು ನಡೆದು ಬಂದಿದೆ. ಬದಲಾಗಿರುವುದು ಮೀಟರಿನ ಸ್ವರೂಪ. ಹಳೆಯ ಮೀಟರು ಒಟ್ಟು ಎಷ್ಟು ಯೂನಿಟ್ ಬಳಕೆಯಾಯಿತೆಂಬುದನ್ನು ಮಾತ್ರ ತೋರಿಸುತ್ತಿತ್ತು. ಸ್ಮಾರ್ಟ್ ಮೀಟರು ಯಾವ ವೇಳೆಯಲ್ಲಿ ಎಷ್ಟು ಬಳಕೆಯಾಯಿತು, ತನ್ನ ಮೇಲೆ ಯಾವ ಹಸ್ತಕ್ಷೇಪ ನಡೆಯಿತು ಎಂಬುದನ್ನೂ ದಿನಾಂಕ ಮತ್ತು ಗಂಟೆಯೊಡನೆ ದಾಖಲಿಸುತ್ತದೆ. ಬೆಸ್ಕಾಂ ತನ್ನ ವ್ಯಾಪ್ತಿಯ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು 2025ರ ಫೆಬ್ರವರಿಯಲ್ಲಿ ಕಡ್ಡಾಯಗೊಳಿಸಿತು. ಮನೆಯ ಒಂದು ಭಾಗದಲ್ಲಿಯೇ ಅಂಗಡಿ, ಗೋದಾಮು ಅಥವಾ ಸಣ್ಣ ಕೈಗಾರಿಕೆ ನಡೆಸುವವರು ಈ ಬದಲಾವಣೆಯ ಪರಿಣಾಮವನ್ನು ಅರಿತಿರುವುದು ಅವಶ್ಯಕ.

ಮೀಟರು ದಾಖಲಿಸುವ ಸಂಗತಿಗಳು

ಭಾರತೀಯ ಮಾನಕಗಳಿಗೆ ಅನುಗುಣವಾದ ಸ್ಮಾರ್ಟ್ ಮೀಟರು ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡರ ವಿದ್ಯುತ್ ಪ್ರವಾಹವನ್ನೂ ಅಳೆದು ಹೋಲಿಸಬಲ್ಲದು. ಪ್ರವಾಹ ಹಿಮ್ಮುಖವಾದರೆ, ನ್ಯೂಟ್ರಲ್‌ನಲ್ಲಿ ಏರುಪೇರಾದರೆ, ಹೊರಗಿನ ಅಯಸ್ಕಾಂತದ ಪ್ರಭಾವವಾದರೆ ಅದನ್ನು ಪ್ರತ್ಯೇಕ ಘಟನೆಯಾಗಿ ಬರೆದಿಡುತ್ತದೆ. ಮೀಟರಿನ ಮುಚ್ಚಳ ತೆರೆದ ದಾಖಲೆಯಂತೂ ಆನಂತರ ಎಷ್ಟೇ ಹೊಸ ಘಟನೆಗಳು ಸೇರಿದರೂ ಅಳಿಸಿಹೋಗದಂತೆ ವ್ಯವಸ್ಥೆ ಮಾಡಲಾಗಿದೆ.

ಇದಲ್ಲದೆ ಪರಿವರ್ತಕದಿಂದ ಹೊರಟ ವಿದ್ಯುತ್ತನ್ನು ಅದರ ಅಧೀನದ ಎಲ್ಲ ಮೀಟರುಗಳ ಒಟ್ಟು ಬಳಕೆಯೊಡನೆ ತಾಳೆ ನೋಡುವ ಪದ್ಧತಿಯೂ ಇದೆ. ವ್ಯತ್ಯಾಸ ಕಂಡ ಪರಿವರ್ತಕದ ಮೇಲೆ ಜಾಗೃತ ದಳದ ಗಮನ ಸಹಜವಾಗಿಯೇ ಬೀಳುತ್ತದೆ. ಒಂದು ಮೀಟರನ್ನು ಮೌನವಾಗಿಸಿದರೂ ಪರಿವರ್ತಕದ ಲೆಕ್ಕ ಮೌನವಾಗುವುದಿಲ್ಲ.

ಪೋರ್ಟೊರಿಕೊ ಮತ್ತು ಮಾಲ್ಟಾದ ಪ್ರಕರಣಗಳು

ಸ್ಮಾರ್ಟ್ ಮೀಟರನ್ನು ತಿರುಚಲು ಸಾಧ್ಯವೇ ಇಲ್ಲವೆಂದು ಇದರ ಅರ್ಥವಲ್ಲ. 2009ರಲ್ಲಿ ಪೋರ್ಟೊರಿಕೊ ದ್ವೀಪದ ವಿದ್ಯುತ್ ಸಂಸ್ಥೆಯೊಂದು ತನ್ನ ಸ್ಮಾರ್ಟ್ ಮೀಟರುಗಳಲ್ಲಿ ವ್ಯಾಪಕ ವಂಚನೆಯನ್ನು ಶಂಕಿಸಿ ಅಮೆರಿಕದ ತನಿಖಾ ಸಂಸ್ಥೆ ಎಫ್.ಬಿ.ಐ.ನ ನೆರವು ಕೋರಿತು. 2012ರಲ್ಲಿ ಬೆಳಕಿಗೆ ಬಂದ ಎಫ್.ಬಿ.ಐ. ವರದಿಯಂತೆ, ಮೀಟರ್ ತಯಾರಿಕಾ ಸಂಸ್ಥೆಯ ಮಾಜಿ ನೌಕರರು ಹಾಗೂ ವಿದ್ಯುತ್ ಸಂಸ್ಥೆಯ ನೌಕರರೇ ಹಣ ಪಡೆದು ಮೀಟರುಗಳನ್ನು ಬದಲಿಸುತ್ತಿದ್ದರೆಂದು ನಂಬಲಾಗಿತ್ತು. ಗೃಹ ಮೀಟರಿಗೆ 300ರಿಂದ 1,000 ಡಾಲರ್, ವಾಣಿಜ್ಯ ಮೀಟರಿಗೆ ಸುಮಾರು 3,000 ಡಾಲರ್ ವಸೂಲಿಯಾಗುತ್ತಿತ್ತು. ವಾರ್ಷಿಕ ನಷ್ಟ 40 ಕೋಟಿ ಡಾಲರ್ ಮುಟ್ಟಬಹುದೆಂದು ಅಂದಾಜಿಸಲಾಗಿತ್ತು. 2014ರಲ್ಲಿ ಮಾಲ್ಟಾ ದೇಶದಲ್ಲಿಯೂ ಸುಮಾರು 1,000 ಸ್ಮಾರ್ಟ್ ಮೀಟರುಗಳನ್ನು ತಿರುಚಿದ್ದ ಪ್ರಕರಣ ಹೊರಬಂದು, ವಿದ್ಯುತ್ ಸಂಸ್ಥೆಯ ನೌಕರರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಎರಡೂ ಕಡೆ ಕೆಲಸ ಮಾಡಿದ್ದು ಒಳಗಿನವರು. ಎರಡೂ ಕಡೆ ಅದು ಬಯಲಾಯಿತು. ಹಣ ಪಡೆದು ತಿರುಚಿಕೊಡುವವನಿಗೆ ಹಲವು ಗಿರಾಕಿಗಳಿರುತ್ತಾರೆ. ಒಬ್ಬನು ಸಿಕ್ಕಿಬಿದ್ದಾಗ ಉಳಿದವರ ಸರದಿಯೂ ಬರುತ್ತದೆ.

ಕಾಯ್ದೆ ವಿಧಿಸುವ ಹೊಣೆ

2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಕಲಮಿನಂತೆ ಮೀಟರ್ ತಿರುಚಿ ಅಪ್ರಾಮಾಣಿಕವಾಗಿ ವಿದ್ಯುತ್ ಬಳಸುವುದು ಕಳವು. ಇದಕ್ಕೆ 3 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮೊದಲ ಅಪರಾಧಕ್ಕೆ ದಂಡವು ಪಡೆದ ಲಾಭದ 3 ಪಟ್ಟಿಗೆ ಕಡಿಮೆಯಿರುವಂತಿಲ್ಲ. ಎರಡನೆಯ ಬಾರಿಗೆ 6 ಪಟ್ಟು. 10 ಕಿಲೋವ್ಯಾಟ್ ಮೀರಿದ ಭಾರದಲ್ಲಿ ಎರಡನೆಯ ಬಾರಿ ಅಪರಾಧ ಸಾಬೀತಾದರೆ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷಗಳ ಸಜೆಯುಂಟು.

ಕಳವು ಪತ್ತೆಯಾದೊಡನೆ ಸಂಪರ್ಕವನ್ನು ಕಡಿತಗೊಳಿಸಿ, 24 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ದೂರು ನೀಡಬೇಕು. ನಿರ್ಧರಿಸಿದ ಮೊತ್ತವನ್ನು ಪಾವತಿಸಿದ 48 ಗಂಟೆಗಳೊಳಗೆ ಸಂಪರ್ಕ ಮರಳಿ ದೊರೆಯುತ್ತದೆ. ಅಲ್ಲಿಯವರೆಗೆ ಯಂತ್ರ ನಿಂತಿರುತ್ತದೆ, ಕೆಲಸಗಾರರ ಕೂಲಿ ನಿಲ್ಲುವುದಿಲ್ಲ.

ಅನಧಿಕೃತ ಸಾಧನ ಇರುವುದು ರುಜುವಾತಾದರೆ, ಅದರಿಂದ ವಿದ್ಯುತ್ ಪಡೆದವನು ಬಳಕೆದಾರನೇ, ಅದೂ ಅಪ್ರಾಮಾಣಿಕವಾಗಿ ಎಂದು ಕಾಯ್ದೆ ಭಾವಿಸುತ್ತದೆ. ಹಾಗಲ್ಲವೆಂದು ಸಾಬೀತುಪಡಿಸುವ ಹೊರೆ ಬಳಕೆದಾರನದು. ಕಂಪನಿಯಾಗಿದ್ದಲ್ಲಿ ವ್ಯವಹಾರದ ಉಸ್ತುವಾರಿ ಹೊತ್ತವರೂ 149ನೇ ಕಲಮಿನಂತೆ ಹೊಣೆಗಾರರು.

ಲೆಕ್ಕದ ಎರಡು ಉದಾಹರಣೆಗಳು

ಮೊದಲ ಅಪರಾಧವನ್ನು 152ನೇ ಕಲಮಿನಂತೆ ಶುಲ್ಕ ತೆತ್ತು ರಾಜಿ ಮಾಡಿಕೊಳ್ಳಲು ಅವಕಾಶವಿದೆ. ಇದು ಒಬ್ಬರಿಗೆ ಒಮ್ಮೆ ಮಾತ್ರ. ಕಾಯ್ದೆಯ ಪಟ್ಟಿಯಂತೆ ಕಡಿಮೆ ಒತ್ತಡದ ಸಂಪರ್ಕದಲ್ಲಿ ಪ್ರತಿ ಕಿಲೋವ್ಯಾಟ್ ಅಥವಾ ಅಶ್ವಶಕ್ತಿಗೆ ಕೈಗಾರಿಕೆಗೆ ರೂ. 20,000, ವಾಣಿಜ್ಯಕ್ಕೆ ರೂ. 10,000, ಕೃಷಿಗೆ ರೂ. 2,000, ಗೃಹ ಬಳಕೆ ಸೇರಿದಂತೆ ಇತರ ಸೇವೆಗಳಿಗೆ ರೂ. 4,000 ಶುಲ್ಕವಿದೆ. ಸರ್ಕಾರವು ಅಧಿಸೂಚನೆಯ ಮೂಲಕ ಈ ದರಗಳನ್ನು ಬದಲಿಸಬಹುದು. ಇದರ ಜೊತೆಗೆ 154ನೇ ಕಲಮಿನಂತೆ ದರಪಟ್ಟಿಯ ಕನಿಷ್ಠ ಎರಡರಷ್ಟು ಲೆಕ್ಕದಲ್ಲಿ ಸಿವಿಲ್ ಹೊಣೆಯೂ ಬರುತ್ತದೆ.

4 ಕಿಲೋವ್ಯಾಟ್ ಭಾರದ ಮನೆಯೊಂದರಲ್ಲಿ ತಿಂಗಳಿಗೆ ರೂ. 500ರಂತೆ ವರ್ಷಕ್ಕೆ ರೂ. 6,000 "ಉಳಿತಾಯ"ವಾಯಿತೆಂದು ಭಾವಿಸೋಣ. ಸಿಕ್ಕಿಬಿದ್ದಾಗ ರಾಜಿ ಶುಲ್ಕ ರೂ. 16,000, ಸಿವಿಲ್ ಹೊಣೆ ರೂ. 12,000, ಒಟ್ಟು ರೂ. 28,000. ಇನ್ನು 15 ಕಿಲೋವ್ಯಾಟ್ ಭಾರದ ಸಣ್ಣ ಕಾರ್ಖಾನೆಯಲ್ಲಿ ತಿಂಗಳಿಗೆ ರೂ. 3,000ದಂತೆ ವರ್ಷಕ್ಕೆ ರೂ. 36,000 ಉಳಿಸಿದರೆನ್ನೋಣ. ರಾಜಿ ಶುಲ್ಕ ರೂ. 3,00,000, ಸಿವಿಲ್ ಹೊಣೆ ರೂ. 72,000, ಒಟ್ಟು ರೂ. 3,72,000. ಅಂದರೆ ಉಳಿತಾಯದ ಹತ್ತು ಪಟ್ಟಿಗೂ ಹೆಚ್ಚು. ಮಧ್ಯವರ್ತಿಗೆ ಕೊಟ್ಟ ಹಣ ಮತ್ತು ನಿಂತ ಉತ್ಪಾದನೆಯ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ.

ಕಳವಿನ ಉದ್ದೇಶವಿಲ್ಲದಿದ್ದರೂ ಹೊಣೆ

ಪ್ರಾಮಾಣಿಕ ವರ್ತಕರು ಹೆಚ್ಚು ಎಚ್ಚರ ವಹಿಸಬೇಕಾದುದು 126ನೇ ಕಲಮಿನ ಬಗ್ಗೆ. ತಿರುಚಿದ ಮೀಟರಿನ ಮೂಲಕ ಬಳಕೆ, ಮಂಜೂರಾದ ಉದ್ದೇಶಕ್ಕಲ್ಲದೆ ಬೇರೆ ಉದ್ದೇಶಕ್ಕೆ ಬಳಕೆ, ಮಂಜೂರಾಗದ ಸ್ಥಳಕ್ಕೆ ಬಳಕೆ ಇವೆಲ್ಲವೂ ಇದರಂತೆ ಅನಧಿಕೃತ ಬಳಕೆ. ಒಡಿಶಾದ ಶ್ರೀ ಸೀತಾರಾಮ್ ರೈಸ್ ಮಿಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿತು: 135ನೇ ಕಲಮಿಗೆ ಅಪ್ರಾಮಾಣಿಕ ಉದ್ದೇಶ ಬೇಕು, 126ಕ್ಕೆ ಅದು ಬೇಕಿಲ್ಲ. ಇಲ್ಲಿ ದರಪಟ್ಟಿಯ ಎರಡರಷ್ಟು ವಸೂಲಿಯಾಗುತ್ತದೆ. ಅನಧಿಕೃತ ಬಳಕೆ ಎಂದಿನಿಂದ ನಡೆದಿದೆಯೆಂದು ತಿಳಿಯದಿದ್ದರೆ ತಪಾಸಣೆಯ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕಲಾಗುತ್ತದೆ.

ಆದುದರಿಂದ ಹಿಂದಿನ ಬಾಡಿಗೆದಾರನು ತಿರುಚಿಹೋದ ಮೀಟರು ಹೊಸ ಬಾಡಿಗೆದಾರನ ಕೊರಳಿಗೆ ಸುತ್ತಿಕೊಳ್ಳಬಹುದು. ಮನೆಯ ಸಂಪರ್ಕದಿಂದಲೇ ಅಂಗಡಿಗೆ ಅಥವಾ ಯಂತ್ರಕ್ಕೆ ತಂತಿ ಎಳೆದವರೂ ಇದೇ ಕಲಮಿಗೆ ಒಳಪಡುತ್ತಾರೆ. 2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಗೃಹ ಬಳಕೆಗೆ ಮಾತ್ರ ಅನ್ವಯಿಸುವಂಥದ್ದು ಎಂಬುದನ್ನು ಇವರು ನೆನಪಿಡಬೇಕು.

ಜೀವಕ್ಕೂ ಸ್ವತ್ತಿಗೂ ಅಪಾಯ

ತಿರುಚಿದ ಮೀಟರಿನ ಜೋಡಣೆಗಳು ಸಡಿಲವಾಗಿದ್ದರೆ ಶಾಖ ಹೆಚ್ಚಿ ಬೆಂಕಿ ಹೊತ್ತಿಕೊಳ್ಳಬಹುದು. ನ್ಯೂಟ್ರಲ್ ಕೆಟ್ಟರೆ ಉಪಕರಣಗಳು ಸುಡಬಹುದು. ಭೂಸಂಪರ್ಕ ಕೆಟ್ಟರೆ ಯಂತ್ರದ ಲೋಹದ ಮೈಯೇ ಆಘಾತ ನೀಡಬಹುದು. ಬಟ್ಟೆ, ಕಾಗದ, ಎಣ್ಣೆಗಳ ದಾಸ್ತಾನಿರುವ ಮಳಿಗೆಯಲ್ಲಿ ಇದರ ಪರಿಣಾಮ ಊಹಿಸಬಹುದಾದುದೇ. ಬೆಂಕಿ ಅವಘಡದ ನಂತರ ಅನಧಿಕೃತ ಜೋಡಣೆ ಕಂಡುಬಂದರೆ ವಿಮಾ ಪರಿಹಾರವೂ ವಿವಾದಕ್ಕೆ ಸಿಲುಕುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಮಳಿಗೆ ಅಥವಾ ಶೆಡ್ ಬಾಡಿಗೆಗೆ ಪಡೆಯುವಾಗ, ಕೊಳ್ಳುವಾಗ ಆರ್.ಆರ್. ಸಂಖ್ಯೆ, ಮಂಜೂರಾದ ಭಾರ, ದರದ ವರ್ಗ ಹಾಗೂ ಸೀಲುಗಳನ್ನು ಪರಿಶೀಲಿಸಿ, ಮೀಟರಿನ ಛಾಯಾಚಿತ್ರವನ್ನು ದಿನಾಂಕದೊಡನೆ ಕಾಯ್ದಿಡಬೇಕು.

2. ಸೀಲು ಒಡೆದಿದ್ದರೆ, ಮೀಟರು ಸುಟ್ಟಿದ್ದರೆ ಅಥವಾ ಬಿಲ್ಲು ಏಕಾಏಕಿ ಇಳಿದಿದ್ದರೆ ತಡಮಾಡದೆ ಉಪವಿಭಾಗದ ಕಚೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಈ ಪತ್ರವೇ ಮುಂದೆ ಪ್ರಾಮಾಣಿಕತೆಯ ಸಾಕ್ಷಿಯಾಗುತ್ತದೆ.

3. ಮೀಟರು ವೇಗವಾಗಿ ಓಡುತ್ತಿದೆಯೆಂಬ ಸಂಶಯವಿದ್ದರೆ ಪರೀಕ್ಷೆಗೆ ಅರ್ಜಿ ಸಲ್ಲಿಸಬೇಕು. ಬಿಲ್ಲಿನ ತಕರಾರು ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ.

4. ಮನೆಯಿಂದ ವ್ಯಾಪಾರ ನಡೆಸುವವರು ತಮ್ಮ ಬಳಕೆಗೆ ತಕ್ಕ ದರದ ವರ್ಗಕ್ಕೆ ಸಂಪರ್ಕವನ್ನು ಬದಲಿಸಿಕೊಳ್ಳಬೇಕು ಅಥವಾ ಪ್ರತ್ಯೇಕ ಸಂಪರ್ಕ ಪಡೆಯಬೇಕು.

5. ತಪಾಸಣೆಯ ವೇಳೆ ಮಾಲೀಕರು ಅಥವಾ ಅವರ ಪ್ರತಿನಿಧಿ ಹಾಜರಿದ್ದು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯನ್ನು ಓದಿದ ನಂತರವೇ ಸಹಿ ಹಾಕಿ, ಅದರ ಪ್ರತಿ ಕೇಳಬೇಕು.

6. 126ನೇ ಕಲಮಿನ ತಾತ್ಕಾಲಿಕ ಆದೇಶಕ್ಕೆ ಆಕ್ಷೇಪಣೆ ಸಲ್ಲಿಸುವ ಹಕ್ಕಿದೆ. ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ, ನಿರ್ಧರಿಸಿದ ಮೊತ್ತದ ಅರ್ಧವನ್ನು ಠೇವಣಿಯಿಟ್ಟು, 127ನೇ ಕಲಮಿನಂತೆ ಮೇಲ್ಮನವಿ ಸಲ್ಲಿಸಬಹುದು.

ವಿದ್ಯುತ್ ವೆಚ್ಚವನ್ನು ತಗ್ಗಿಸಲು ಬಯಸುವವರಿಗೆ ಅದೇ ಸ್ಮಾರ್ಟ್ ಮೀಟರಿನ ಅಂಕಿ ಅಂಶಗಳು ನೆರವಾಗುತ್ತವೆ. ಯಾವ ವೇಳೆಯಲ್ಲಿ, ಯಾವ ಯಂತ್ರ ಓಡುವಾಗ ಬಳಕೆ ಏರುತ್ತದೆಂಬುದನ್ನು ಗುರುತಿಸಿ, ಹಳೆಯ ಮೋಟಾರು ಬದಲಿಸುವುದು, ಕೆಪಾಸಿಟರ್ ಅಳವಡಿಸುವುದು, ಖಾಲಿ ಓಡುವ ಯಂತ್ರಗಳನ್ನು ನಿಲ್ಲಿಸುವುದು ಮುಂತಾದ ಮಾರ್ಗಗಳಿಂದ ಆಗುವ ಉಳಿತಾಯ ಲೆಕ್ಕದ ಪುಸ್ತಕದಲ್ಲಿ ಧೈರ್ಯವಾಗಿ ಬರೆಯಬಹುದಾದ ಉಳಿತಾಯ.