ಬಿದಿರಿನ ಮುಳ್ಳು ಕಲಿಸಿದ ಪಾಠ

ಪೀಠಿಕೆ: ನಾವು ಬರೆಯುವ ಕಾಗದ ಯಾವುದರಿಂದ ಆಗುತ್ತದೆ ಗೊತ್ತಾ? ಬಿದಿರು, ಮರ ಇವುಗಳ ತಿರುಳಿನಿಂದ. ಅದೇ ಬಿದಿರಿನಿಂದ ನಮ್ಮಜ್ಜ ಬುಟ್ಟಿ, ಮೊರ, ತಟ್ಟಿ ಹೆಣೆಯುತ್ತಾರೆ. ನಾವು ಮೇದಾರರು. ಒಂದೇ ಬಿದಿರು ಇಬ್ಬರಿಗೂ ಬೇಕಾದರೆ ಜಗಳ ಬರುತ್ತದೆ. ಇಂಥ ಜಗಳಕ್ಕೆ ಪರಿಸರ ಸಂಘರ್ಷ ಅಂತ ಹೆಸರು.

ವಿಷಯ: ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಇದೆ. 1958ರಲ್ಲಿ ಸರ್ಕಾರ ಅದಕ್ಕೆ ಒಂದು ಟನ್ ಬಿದಿರನ್ನು ಕೇವಲ 1 ರೂಪಾಯಿ 50 ಪೈಸೆಗೆ ಕೊಟ್ಟಿತು. ಬುಟ್ಟಿ ಹೆಣೆಯುವವರು ಮಾತ್ರ ಪೇಟೆಯಲ್ಲಿ ನೂರಾರು ಪಟ್ಟು ಹೆಚ್ಚು ಕೊಡಬೇಕಿತ್ತು! ಬರಬರುತ್ತಾ ಕಾಡಿನಲ್ಲಿ ಬಿದಿರೇ ಕಡಿಮೆಯಾಯಿತು. ಮೇದಾರರು ಪ್ರತಿಭಟಿಸಿದರು. ಹಳ್ಳಿಯವರ ದನಗಳೇ ಬಿದಿರನ್ನು ಹಾಳು ಮಾಡುತ್ತಿವೆ ಅಂತ ಇನ್ನೊಂದು ಕಡೆಯವರು ಹೇಳಿದರು. ಯಾರ ಮಾತು ನಿಜ?

1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಅವರು ಇದನ್ನು ಅಧ್ಯಯನ ಮಾಡಿದರು. ಅವರು ಬರೀ ಪುಸ್ತಕ ನೋಡಲಿಲ್ಲ, ಕಾಡಿಗೆ ಹೋಗಿ ಹಳ್ಳಿಯವರನ್ನೂ ಕೇಳಿದರು. ಆಗ ಬಿದಿರು ಕಡಿಸುವಾಗ ಮೆಳೆಯ ಬುಡದ ಮುಳ್ಳನ್ನೆಲ್ಲ ಸವರಿ ತೆಗೆಸುತ್ತಿದ್ದರು. ಯಾಕಂದ್ರೆ ಮುಳ್ಳು ಹೋದರೆ ಹೊಸ ಬಿದಿರು ಚೆನ್ನಾಗಿ ಏಳುತ್ತದೆ ಅಂತ ನಂಬಿಕೆ. ಹಳ್ಳಿಯವರು, "ಅದು ತಪ್ಪು, ಮುಳ್ಳೇ ಕಳಲೆಗೆ ರಕ್ಷಣೆ" ಅಂದರು. ಕಳಲೆ ಅಂದರೆ ಎಳೆಯ ಬಿದಿರು ಮೊಳಕೆ.

ವಿಜ್ಞಾನಿಗಳು ಆ ಮಾತನ್ನು ಸುಮ್ಮನೆ ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಕಾಡಿನಲ್ಲೇ ಪರೀಕ್ಷಿಸಿ ನೋಡಿದರು. ಮುಳ್ಳು ತೆಗೆದ ಮೆಳೆಗಳಲ್ಲಿ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಬಿಡುತ್ತಿದ್ದವು. ಹಳ್ಳಿಯವರ ಮಾತೇ ನಿಜವಾಯಿತು! ದನ ತಿನ್ನುವುದೂ ಸುಳ್ಳಲ್ಲ, ಆದರೆ ಅವಕ್ಕೆ ದಾರಿ ಮಾಡಿಕೊಟ್ಟಿದ್ದು ಮನುಷ್ಯರೇ. ಜೊತೆಗೆ, ಅಗ್ಗವಾಗಿ ಸಿಕ್ಕಿದ್ದರಿಂದ ಕಾರ್ಖಾನೆಗೆ ಮಿತಿಮೀರಿ ಕಡಿದದ್ದೂ ಕಾರಣ.

ಗಿಡದ ವಿಷಯ ಸಸ್ಯಶಾಸ್ತ್ರದ್ದು, ಬೆಲೆಯದು ಅರ್ಥಶಾಸ್ತ್ರದ್ದು, ಮುಳ್ಳಿನ ಗುಟ್ಟು ಹಳ್ಳಿಯವರದ್ದು. ಮೂರೂ ಸೇರಿದ ಮೇಲೆಯೇ ನಿಜ ಸಂಗತಿ ತಿಳಿಯಿತು. ಜನರ ಜೊತೆ ಸೇರಿ ಮಾಡುವ ಸಂಶೋಧನೆ ಅಂದರೆ ಇದೇ.

ಉಪಸಂಹಾರ: ಇದನ್ನು ಅಜ್ಜನಿಗೆ ಓದಿ ಹೇಳಿದೆ. ಅವರು ನಕ್ಕು, "ಬೇಲಿ ಕಿತ್ತ ಮೇಲೆ ಬೆಳೆ ಉಳೀತದೇನೋ?" ಅಂದ್ರು. ಅವರು ಶಾಲೆಗೆ ಹೋದವರಲ್ಲ. ಹೋದ ವರ್ಷ ತರಗತಿಯಲ್ಲಿ ಮನೆಯವರ ಉದ್ಯೋಗ ಕೇಳಿದಾಗ ನಾನು ನಾಚಿಕೆಪಟ್ಟು "ಕೂಲಿ" ಅಂದಿದ್ದೆ. ಇನ್ನು ಮೇಲೆ ಬುಟ್ಟಿ ಹೆಣೆಯುವುದು ಅಂತಲೇ ಹೇಳುತ್ತೇನೆ.

ನೀವೂ ಮಾಡಿರಿ:
1. ನಮ್ಮೂರಲ್ಲಿ ಮೊದಲು ಇದ್ದು ಈಗ ಕಡಿಮೆಯಾದ ಒಂದು ಗಿಡದ ಬಗ್ಗೆ ಹಿರಿಯರನ್ನು ಕೇಳಿರಿ.
2. ಅವರು ಹೇಳಿದ ಕಾರಣ ನಿಜವೇ ಅಂತ ಹೋಗಿ ನೋಡಿ ಬರೆಯಿರಿ.

— 7ನೇ ತರಗತಿ