ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ

ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿ ನಿಲ್ಲುವುದೆಂಬುದನ್ನು ದಾಸನಕೊಪ್ಪದ ಸುತ್ತಣ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. ಕಾವೇರಿಯಂತಹ ಮಹಾನದಿಗೆ ನಮ್ಮ ಹಿಂದಿನವರು ಕಲ್ಲಿನಿಂದಲೇ ದಾರಿ ಕಟ್ಟಿದ ಬಗೆಯನ್ನು ಅರಿಯಲು ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಒಂದು ಉತ್ತಮ ಪಾಠವಾಗಿದೆ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಮೈಸೂರಿನ ಸಿಂಹಾಸನವು ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂದಿತು. ಆಡಳಿತದ ಹೊಣೆಯನ್ನು ದಿವಾನ್ ಪೂರ್ಣಯ್ಯನವರು ಹೊತ್ತರು. ಅವರ ಮೇಲ್ವಿಚಾರಣೆಯಲ್ಲಿ ಈ ಸೇತುವೆಯು 1804ರಲ್ಲಿ ಪೂರ್ಣಗೊಂಡು, ಅಂದಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರನ್ನು ಪಡೆಯಿತು. ಹೆಸರು ಆಂಗ್ಲರದಾದರೂ ಕಟ್ಟಿದ ರೀತಿ ಈ ನಾಡಿನದು.

ಕಲ್ಲು ಭಾರವನ್ನು ಹೊರಬಲ್ಲದು, ಬಾಗಲಾರದು. ತೊಲೆ ಉದ್ದವಾದಷ್ಟೂ ನಡುವೆ ಸೀಳುವ ಭಯ ಹೆಚ್ಚು. ಆದುದರಿಂದ ಶಿಲ್ಪಿಗಳು ಕಲ್ಲುಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿದರು. ಕಂಬದ ತಲೆಯ ಮೇಲೆ ಚಾಚುಗಲ್ಲುಗಳನ್ನಿರಿಸಿ, ಆಸರೆಯಿಲ್ಲದ ಉದ್ದವನ್ನು ಇನ್ನಷ್ಟು ಕುಗ್ಗಿಸಿ, ಅವುಗಳ ಮೇಲೆ ಕಲ್ಲುತೊಲೆಗಳನ್ನು ಹಾಸಿದರು. ದೇಗುಲದ ಮಂಟಪದಲ್ಲಿ ಕಂಬ, ಬೋದಿಗೆ, ತೊಲೆಗಳು ಮಾಡುವ ಕೆಲಸವನ್ನೇ ಇಲ್ಲಿ ಅವು ನದಿಯ ನಡುವೆ ಮಾಡುತ್ತವೆ. ಆದರೆ ಒತ್ತಾದ ಕಂಬಗಳಿಗೆ ಒಂದು ಕೊರತೆಯೂ ಉಂಟು: ಪ್ರವಾಹದಲ್ಲಿ ತೇಲಿಬರುವ ಮರಮಟ್ಟುಗಳು ಅವುಗಳ ನಡುವೆ ಸಿಕ್ಕಿಕೊಂಡರೆ ನೀರಿನ ಒತ್ತಡ ಹೆಚ್ಚುತ್ತದೆ.

ಶಿವನಸಮುದ್ರದ ಬಳಿಯ ಹಳೆಯ ಕಲ್ಲುಸೇತುವೆಯ ಒಂದು ಭಾಗವು 2018ರ ಕಾವೇರಿ ಪ್ರವಾಹದಲ್ಲಿ ಕೊಚ್ಚಿಹೋಯಿತು. ಶ್ರೀರಂಗಪಟ್ಟಣದ ಸೇತುವೆಯು ಇಂದಿಗೂ ನಿಂತಿದೆ. ಕಟ್ಟುವುದು ಒಂದು ತಲೆಮಾರಿನ ಕೆಲಸ. ಕಸ ತೆಗೆದು, ಸಂದುಗಳಲ್ಲಿ ಬೇರೂರುವ ಗಿಡ ಕಿತ್ತು ಕಾಪಾಡುವುದು ಮುಂದಿನ ಎಲ್ಲ ತಲೆಮಾರುಗಳ ಕರ್ತವ್ಯವೆಂಬುದನ್ನು ಈ ಎರಡು ಸೇತುವೆಗಳೂ ನಮಗೆ ನೆನಪಿಸುತ್ತವೆ.