ಮೇದೋಜೀರಕದ ನೀರುಗಡ್ಡೆ: ತೆಗೆಸಲೇಬೇಕೇ?

ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಲು ಉಮ್ಮನಿಗೆ ಸ್ಕ್ಯಾನ್ ಮಾಡಿಸುತ್ತೀರಿ. ಕಲ್ಲು ಇರುವುದಿಲ್ಲ, ಆದರೆ ಮೇದೋಜೀರಕ ಗ್ರಂಥಿಯಲ್ಲಿ ನೀರು ತುಂಬಿದ ಗಡ್ಡೆಯೊಂದಿದೆ ಎಂದು ವರದಿ ಬರುತ್ತದೆ. ಮನೆಯವರಿಗೆಲ್ಲ ಮೊದಲು ನೆನಪಾಗುವುದು ಕ್ಯಾನ್ಸರ್. ನೀವು ವೈದ್ಯರಲ್ಲಿ ಮೊದಲು ಕೇಳಬೇಕಾದದ್ದು ಬೇರೆ: ಇದು ಯಾವ ಬಗೆಯ ಗಡ್ಡೆ?

ಜಠರದ ಹಿಂದೆ ಅಡ್ಡಲಾಗಿರುವ ಈ ಗ್ರಂಥಿ ಜೀರ್ಣರಸವನ್ನೂ ಇನ್ಸುಲಿನನ್ನೂ ತಯಾರಿಸುತ್ತದೆ. ಅದರಲ್ಲಿ ಏಳುವ ಗಡ್ಡೆಗಳ ಪೈಕಿ ಲೋಳೆ ತುಂಬಿದವು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಅವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತಿಳಿನೀರು ತುಂಬಿದ ‘ಸೀರಸ್ ಸಿಸ್ಟಡಿನೋಮಾ’ ಬೇರೆಯೇ ಜಾತಿಯದು. ಒಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ಕೋಣೆಗಳು. ಹೆಚ್ಚಾಗಿ ಐವತ್ತು ದಾಟಿದ ಮಹಿಳೆಯರಲ್ಲಿ ಕಾಣುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಎಷ್ಟೋ ಮಂದಿಗೆ ಅದು ಇರುವುದೇ ಗೊತ್ತಾಗುವುದಿಲ್ಲ.

ಈ ಎರಡು ಬಗೆಗಳನ್ನು 1978ರಲ್ಲಿ ಪ್ರತ್ಯೇಕಿಸಿದಾಗ ಸೀರಸ್ ಗಡ್ಡೆಯಿಂದ ಅಪಾಯವಿಲ್ಲವೆಂದೇ ನಂಬಿದ್ದರು. 1989ರಲ್ಲಿ ಅಂಥದೇ ಗಡ್ಡೆ ದೇಹದ ಬೇರೆ ಭಾಗಕ್ಕೆ ಹರಡಿದ ಪ್ರಕರಣ ವರದಿಯಾಯಿತು. ವಿಚಿತ್ರವೆಂದರೆ, ಹರಡಿದ ಗಡ್ಡೆಯ ಜೀವಕೋಶಗಳೂ ಸೂಕ್ಷ್ಮದರ್ಶಕದಲ್ಲಿ ಸಾಮಾನ್ಯ ಸೀರಸ್ ಗಡ್ಡೆಯ ಕೋಶಗಳಂತೆಯೇ ಕಾಣಬಹುದು. ಯಕೃತ್ತಿಗೋ ಬೇರೆಡೆಗೋ ಹರಡಿದ ಮೇಲಷ್ಟೇ ಅದು ಕ್ಯಾನ್ಸರ್ ಎಂದು ಖಚಿತವಾಗುತ್ತದೆ.

ಹಾಗಾದರೆ ಈಗಲೇ ತೆಗೆಸಿಬಿಡೋಣ ಎನ್ನುತ್ತೀರಾ? ಸ್ವಲ್ಪ ತಾಳಿ. ಹಲವು ದೇಶಗಳ 2,622 ರೋಗಿಗಳ ವಿವರಗಳನ್ನು ಕಲೆಹಾಕಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅವರಲ್ಲಿ ಸೀರಸ್ ಗಡ್ಡೆ ಕ್ಯಾನ್ಸರ್ ಆಗಿದ್ದುದು ಮೂವರಿಗೆ ಮಾತ್ರ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಾದರೋ ಸಾವಿರಕ್ಕೆ ಸುಮಾರು ಆರು ಮಂದಿ ಅದರ ನಂತರ ತೀರಿಕೊಂಡಿದ್ದರು. ಮೇದೋಜೀರಕದ ಶಸ್ತ್ರಚಿಕಿತ್ಸೆ ಅಪೆಂಡಿಕ್ಸ್ ತೆಗೆದಷ್ಟು ಸುಲಭವಲ್ಲ. ಗ್ರಂಥಿಯ ದೊಡ್ಡ ಭಾಗ ಹೋದರೆ ಸಕ್ಕರೆ ಕಾಯಿಲೆಯೂ ಬರಬಹುದು. ಹೆದರಿಕೆಯೊಂದನ್ನೇ ಕಾರಣ ಮಾಡಿಕೊಂಡು ಅದಕ್ಕೆ ಒಪ್ಪುವುದು ಸರಿಯಲ್ಲ.

ಗಡ್ಡೆ ಪಿತ್ತನಾಳವನ್ನು ಒತ್ತಿ ಕಾಮಾಲೆ ತಂದರೆ, ಹೊಟ್ಟೆನೋವು, ವಾಂತಿ ಬಿಡದಿದ್ದರೆ, ಗಡ್ಡೆ ಬೇಗ ಬೇಗ ದೊಡ್ಡದಾದರೆ ಅಥವಾ ಅದು ಲೋಳೆಗಡ್ಡೆ ಇರಬಹುದೆಂಬ ಅನುಮಾನ ಉಳಿದರೆ ಮಾತು ಬೇರೆ. ಆಗ ತೆಗೆಯುವ ವಿಚಾರ ಬರುತ್ತದೆ. ಬಗೆ ತಿಳಿಯಲು ಎಂಆರ್‌ಐ ನೆರವಾಗುತ್ತದೆ. ಅದೂ ಸಾಲದಿದ್ದರೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಒಳಗಿನಿಂದಲೇ ಸ್ಕ್ಯಾನ್ ಮಾಡಿ, ಗಡ್ಡೆಯ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸುತ್ತಾರೆ.

ತೊಂದರೆ ಕೊಡದ ಗಡ್ಡೆಯನ್ನು ವೈದ್ಯರು ಹೇಳಿದ ಅವಧಿಗೆ ಮತ್ತೆ ನೋಡಿಸಿ. ಪ್ರತಿ ಸಲವೂ ಹಳೆಯ ವರದಿಯ ಜೊತೆ ಸ್ಕ್ಯಾನಿನ ಫಿಲ್ಮ್ ಅಥವಾ ಸಿಡಿಯನ್ನೂ ಒಯ್ಯಿರಿ. ಗಡ್ಡೆ ಬೆಳೆದಿದೆಯೇ ಎಂದು ಹೋಲಿಸಿ ನೋಡಲು ಅವರಿಗೆ ಅದೇ ಬೇಕು.